ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ ಎಂದವಳ ಪತ್ರ

ಶಾಲಾ ಪಠ್ಯಕ್ರಮ ರೂಪಿಸುವವರಿಗೆ ಮತ್ತು ಶಾಲೆಗಳ ಮುಖ್ಯಸ್ಥರಿಗೆ,

ಮಾನ್ಯರೇ,

ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ಆರೋಗ್ಯ ಶಿಕ್ಷಣದ ಪಿರಿಯಡ್ ಕೂಡ ಬಹುತೇಕ ನನ್ನ ಪಾಲಿಗೇ ಬರುತ್ತಿತ್ತು. ಅದಕ್ಕೆಂದು ನಾನೇನೂ ತರಬೇತಿ ಪಡೆದವಳಲ್ಲ. ವೇಳಾಪಟ್ಟಿ ಬರೆಯುವಾಗ ಬೇರೆ ಯಾರೂ ಅದನ್ನು ಕೇಳಿ ಪಡೆಯುತ್ತಿರಲಿಲ್ಲ, ಅಷ್ಟೇ. ನಿಮ್ಮ ಮೇಲೆ ದೂರು ಹೇಳುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಮೊದಲ ಆರೇಳು ವರ್ಷ, ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ, ಹಲಗೆಯ ಮೇಲೆ ಚಿತ್ರ ಬರೆದು, ಭಾಗಗಳ ಹೆಸರು ಗುರುತಿಸಿ, "ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಸ್ತಕ ಮುಚ್ಚುತ್ತಿದ್ದೆ. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡು ನಗು ತಡೆಯುತ್ತಿದ್ದರು. ನಾನು ಗಂಟೆಯ ಸದ್ದಿಗೆ ಕಾಯುತ್ತಿದ್ದೆ.

ಆ ಅಭ್ಯಾಸ ಬಿಡಿಸಿದವಳು ಹದಿನಾಲ್ಕು ವರ್ಷದ ಒಬ್ಬ ಹುಡುಗಿ. ಆ ಅಧ್ಯಾಯದ ಪರೀಕ್ಷೆಯಲ್ಲಿ ಅವಳಿಗೆ ಪೂರ್ಣ ಅಂಕ. ಚಿತ್ರವಂತೂ ನನ್ನದಕ್ಕಿಂತ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತು, "ಮಿಸ್, ನನಗೆ ಏನೋ ಕಾಯಿಲೆ ಇದೆ" ಎಂದಳು. ಅವಳಿಗೆ ಮುಟ್ಟು ಒಮ್ಮೆ ಮೂವತ್ತೆಂಟು ದಿನಕ್ಕೆ ಬಂದರೆ ಇನ್ನೊಮ್ಮೆ ಇಪ್ಪತ್ತನಾಲ್ಕಕ್ಕೆ ಬರುತ್ತಿತ್ತು. ಪುಸ್ತಕದಲ್ಲಿ 28 ದಿನ ಎಂದಿದೆಯಲ್ಲ, ತನ್ನ ದೇಹದಲ್ಲಿ ಏನೋ ಕೆಟ್ಟಿದೆ ಎಂದು ನಾಲ್ಕು ತಿಂಗಳಿಂದ ಯಾರಿಗೂ ಹೇಳದೆ ಕ್ಯಾಲೆಂಡರಿನಲ್ಲಿ ಚುಕ್ಕೆ ಇಡುತ್ತಾ ಕೂತಿದ್ದಳು. ಮುಟ್ಟು ಶುರುವಾದ ಮೊದಲ ಕೆಲವು ವರ್ಷಗಳಲ್ಲಿ 21ರಿಂದ 45 ದಿನಗಳವರೆಗಿನ ಅಂತರ ಸಹಜವೇ. 28 ಎನ್ನುವುದು ಪುಸ್ತಕ ಬರೆಯಲು ಅನುಕೂಲವಾದ ಒಂದು ಸರಾಸರಿ. ಅದನ್ನು ಪುಸ್ತಕ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಪಾಠ ಕೇಳದ ಹುಡುಗಿಗೆ ಆ ಭಯ ಇರುತ್ತಿರಲಿಲ್ಲ ಎಂಬ ಯೋಚನೆ ಅಂದು ರಾತ್ರಿ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ನಮ್ಮ ಪಾಠದಿಂದಲೇ ಆ ಮಗುವಿಗೆ ಕಾಯಿಲೆಯ ಭಯ ಹುಟ್ಟಿತ್ತು. ಉತ್ತರಪತ್ರಿಕೆಯಲ್ಲಿ ಮಾತ್ರ ಪೂರ್ಣ ಅಂಕ.

ಶಾಲೆಯ ಆರೋಗ್ಯ ಶಿಕ್ಷಣದಿಂದ ಹದಿಹರೆಯದವರ ತಿಳಿವಳಿಕೆ ಹೆಚ್ಚುತ್ತದೆಯೇ ಎಂದು ನಿಮ್ಮ ಸಭೆಗಳಲ್ಲಿ ಆಗಾಗ ಕೇಳಲಾಗುತ್ತದೆ. ಹೆಚ್ಚುತ್ತದೆ. ಪಾಠಕ್ಕೆ ಮೊದಲು ಹತ್ತು ಪ್ರಶ್ನೆ, ಪಾಠವಾದ ವಾರಕ್ಕೆ ಅದೇ ಹತ್ತು ಪ್ರಶ್ನೆ ಕೊಟ್ಟರೆ ಅಂಕ ಏರದ ತರಗತಿಯನ್ನು ನಾನು ನೋಡಿಲ್ಲ. ಏರಿದ್ದು ಏನು, ಎಷ್ಟು ದಿನ ಉಳಿಯಿತು, ಮಗುವಿಗೆ ಅಗತ್ಯ ಬಿದ್ದ ಗಳಿಗೆಯಲ್ಲಿ ಕೈಗೆ ಸಿಕ್ಕಿತೇ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಕೇಳದ ಪ್ರಶ್ನೆಗಳಿಗಾಗಿಯೇ ಈ ಪತ್ರ.

ಆ ಘಟನೆಯ ನಂತರ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವೆಂದರೆ ಒಂದು ರಟ್ಟಿನ ಪೆಟ್ಟಿಗೆಗೆ ಸೀಳು ಕೊರೆದು ತರಗತಿಯ ಮೂಲೆಯಲ್ಲಿಟ್ಟದ್ದು. ಹೆಸರು ಬರೆಯಬೇಕಿಲ್ಲ, ಕೈಬರಹ ನನಗೆ ಗೊತ್ತಾದರೂ ಗೊತ್ತಿಲ್ಲದವಳಂತೆ ಇರುತ್ತೇನೆ ಎಂದು ಮಾತು ಕೊಟ್ಟೆ. ಪ್ರತಿಯೊಬ್ಬರೂ ಒಂದು ಚೀಟಿ ಹಾಕಲೇಬೇಕು, ಪ್ರಶ್ನೆ ಇಲ್ಲದವರು "ಪ್ರಶ್ನೆ ಇಲ್ಲ" ಎಂದು ಬರೆದು ಹಾಕಬೇಕು ಎಂಬುದು ನಿಯಮ. ಹಾಗಿದ್ದರೆ ತಾನೇ ಯಾರು ಬರೆದರು ಎಂಬುದು ಮರೆಯಾಗುವುದು. ಮೊದಲ ವಾರ ಮುಕ್ಕಾಲು ಪಾಲು ಚೀಟಿಗಳು ಕೀಟಲೆಯವು. ಅವುಗಳಿಗೂ ಮುಖ ಸಿಂಡರಿಸದೆ ಉತ್ತರ ಹೇಳಿದೆ. ಮೂರನೇ ವಾರದಿಂದ ನಿಜವಾದ ಪ್ರಶ್ನೆಗಳು ಬರತೊಡಗಿದವು.

"ನನ್ನ ಎದೆ ಹುಡುಗಿಯರಂತೆ ಸ್ವಲ್ಪ ಊದಿಕೊಂಡಿದೆ, ನಾನು ಹುಡುಗನೇ ಅಲ್ಲವೇ?" ಎಂದು ಒಂದು ಚೀಟಿ. ಹದಿಹರೆಯದ ಹುಡುಗರಲ್ಲಿ ಹಾರ್ಮೋನುಗಳ ಏರಿಳಿತದಿಂದ ಹೀಗಾಗುವುದು ತೀರಾ ಸಾಮಾನ್ಯ, ಬಹುತೇಕರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಎರಡು ವಾಕ್ಯಗಳ ಉತ್ತರ. ಯಾವ ಪಠ್ಯಪುಸ್ತಕದಲ್ಲೂ ಆ ಎರಡು ವಾಕ್ಯ ನನಗೆ ಸಿಕ್ಕಿರಲಿಲ್ಲ. "ತೂಕ ಇಳಿಸಲು ಊಟ ಬಿಟ್ಟರೆ ಎಷ್ಟು ದಿನ ಬದುಕಬಹುದು?" ಎಂದು ಇನ್ನೊಂದು. "ಜ್ವರ ಬಿಟ್ಟ ಮೇಲೆ ಉಳಿದ ಮಾತ್ರೆಯನ್ನು ತಂಗಿಗೆ ಕೊಡಬಹುದೇ?" "ಸದಾ ಅಳು ಬರುತ್ತದೆ, ಇದು ಕಾಯಿಲೆಯೋ ಸೋಮಾರಿತನವೋ?" ಈ ಚೀಟಿಗಳನ್ನು ಬರೆದವರು ಅದೇ ವರ್ಷ ಆರೋಗ್ಯದ ವ್ಯಾಖ್ಯಾನವನ್ನು ತಪ್ಪಿಲ್ಲದೆ ಬರೆದಿದ್ದರು. ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೈಹಿಕ, ಮಾನಸಿಕ, ಸಾಮಾಜಿಕ ಯೋಗಕ್ಷೇಮ ಎಂಬ ಆ ವ್ಯಾಖ್ಯಾನ 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದ್ದು. ಮಾನಸಿಕ ಎಂಬ ಪದವನ್ನು ಎರಡು ಅಂಕಕ್ಕೆ ಬರೆದ ಮಗುವಿಗೆ ತನ್ನ ಅಳುವಿಗೂ ಆ ಪದಕ್ಕೂ ನಂಟಿದೆ ಎಂದು ಹೊಳೆದೇ ಇರಲಿಲ್ಲ.

ತಿಳಿವಳಿಕೆ ಎಂಬುದರಲ್ಲೇ ಮೆಟ್ಟಿಲುಗಳಿವೆ. ಡಾನ್ ನಟ್‌ಬೀಮ್ ಎಂಬ ಸಾರ್ವಜನಿಕ ಆರೋಗ್ಯ ತಜ್ಞರು 2000ದಲ್ಲಿ ಆರೋಗ್ಯ ಸಾಕ್ಷರತೆಯನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಔಷಧದ ಚೀಟಿ ಓದಿ ಅರ್ಥ ಮಾಡಿಕೊಳ್ಳುವಷ್ಟು ತಿಳಿದಿರುವುದು ಮೊದಲನೆಯದು. ವೈದ್ಯರೊಡನೆ, ಮನೆಯವರೊಡನೆ, ಗೆಳೆಯರೊಡನೆ ಮಾತಾಡಿ ತನಗೆ ಬೇಕಾದದ್ದನ್ನು ಕೇಳಿ ಪಡೆಯುವುದು ಎರಡನೆಯದು. ಕಿವಿಗೆ ಬಿದ್ದ ಮಾತನ್ನು ತೂಗಿ ನೋಡಿ, ಇದು ನಿಜವೇ, ಹೇಳುವವನಿಗೆ ಇದರಿಂದ ಏನು ಲಾಭ ಎಂದು ಪ್ರಶ್ನಿಸುವುದು ಮೂರನೆಯದು. ನಮ್ಮ ಪ್ರಶ್ನೆಪತ್ರಿಕೆಗಳು ಮೊದಲ ಮೆಟ್ಟಿಲನ್ನೂ ಪೂರ್ತಿ ಹತ್ತುವುದಿಲ್ಲ. ವಿಟಮಿನ್ ಕೊರತೆಯ ರೋಗಗಳನ್ನು ಹೊಂದಿಸಿ ಬರೆಯುವ ಪ್ರಶ್ನೆಗೆ ಉತ್ತರಿಸಿದ ಹುಡುಗ ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಸಕ್ಕರೆಯ ಪ್ರಮಾಣವನ್ನು ಓದಲಾರ.

ಎಚ್‌ಐವಿ ಪಾಠವನ್ನೇ ನೋಡಿ. ಯುವಜನರಿಗೆ ಈ ಬಗ್ಗೆ ಎಷ್ಟು ಗೊತ್ತಿದೆ ಎಂದು ಅಳೆಯಲು ಅಂತರರಾಷ್ಟ್ರೀಯ ಸಮೀಕ್ಷೆಗಳು 15ರಿಂದ 24 ವಯಸ್ಸಿನವರಿಗೆ ಐದು ಪ್ರಶ್ನೆ ಕೇಳುತ್ತವೆ. ತಡೆಗಟ್ಟುವ ದಾರಿಯ ಬಗ್ಗೆ ಎರಡು, ಆರೋಗ್ಯವಾಗಿ ಕಾಣುವವರಲ್ಲೂ ವೈರಸ್ ಇರಬಹುದೇ ಎಂದು ಒಂದು, ಜನರ ನಡುವೆ ಬೇರೂರಿದ ತಪ್ಪು ಕಲ್ಪನೆಗಳ ಬಗ್ಗೆ ಎರಡು. ಸಾಮಾನ್ಯವಾಗಿ ಆ ಎರಡರಲ್ಲಿ ಒಂದು ಸೊಳ್ಳೆಯ ಕಡಿತ. ಐದಕ್ಕೂ ಸರಿಯಾಗಿ ಉತ್ತರಿಸಿದರೆ ಮಾತ್ರ ಪೂರ್ಣ ತಿಳಿವಳಿಕೆ ಇದೆ ಎಂದು ಲೆಕ್ಕ. 2001ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ವಿಶೇಷ ಅಧಿವೇಶನವು 2010ರ ಹೊತ್ತಿಗೆ ಶೇ 95ರಷ್ಟು ಯುವಜನರಿಗೆ ಅಗತ್ಯ ಮಾಹಿತಿ ಮತ್ತು ಶಿಕ್ಷಣ ಮುಟ್ಟಬೇಕೆಂದು ಗುರಿ ಇಟ್ಟಿತು. ಆ ಗಡುವು ಬಂದಾಗ ಐದಕ್ಕೂ ಸರಿಯಾಗಿ ಉತ್ತರಿಸುತ್ತಿದ್ದವರು ಮೂರನೇ ಒಂದು ಭಾಗದ ಆಸುಪಾಸಿನಲ್ಲಿದ್ದರು.

ಏಕೆ ಹೀಗಾಗುತ್ತದೆ ಎಂಬುದು ನನ್ನ ತರಗತಿಯಲ್ಲೇ ಗೊತ್ತಾಯಿತು. "ಎಚ್‌ಐವಿ ಹೀಗೆ ಹರಡುತ್ತದೆ, ಹೀಗೆ ಹರಡುವುದಿಲ್ಲ" ಎಂದು ಎರಡು ಪಟ್ಟಿ ಬರೆಸಿದ್ದೆ. ಪಟ್ಟಿ ಒಂದು ತಿಂಗಳು ನೆನಪಿನಲ್ಲಿತ್ತು. ಆಮೇಲೆ ಎರಡೂ ಪಟ್ಟಿಗಳು ಬೆರೆತುಹೋಗಿ, ಸೊಳ್ಳೆ ಯಾವ ಕಡೆ ಇತ್ತೆಂದು ಅರ್ಧ ತರಗತಿಗೆ ಮರೆತಿತ್ತು. ಮಲೇರಿಯಾವನ್ನು ಸೊಳ್ಳೆ ಹರಡುತ್ತದಲ್ಲ, ಇದನ್ನೇಕೆ ಹರಡುವುದಿಲ್ಲ ಎಂದು ಒಂದು ಚೀಟಿ ಕೇಳಿತು. ನಾನು ಆವರೆಗೆ ಹೇಳದೇ ಇದ್ದದ್ದು ಅದೇ. ಸೊಳ್ಳೆ ಕಚ್ಚುವಾಗ ಹಿಂದೆ ಕುಡಿದ ರಕ್ತವನ್ನು ನಮ್ಮೊಳಗೆ ಕಾರುವುದಿಲ್ಲ, ತನ್ನ ಜೊಲ್ಲನ್ನು ಬಿಡುತ್ತದೆ. ರಕ್ತ ಹೀರುವ ನಾಳ ಬೇರೆ, ಜೊಲ್ಲು ಬಿಡುವ ನಾಳ ಬೇರೆ. ಮಲೇರಿಯಾದ ಪರೋಪಜೀವಿ ಸೊಳ್ಳೆಯ ದೇಹದಲ್ಲಿ ಬೆಳೆದು ಜೊಲ್ಲುಗ್ರಂಥಿಯವರೆಗೆ ಸಾಗಿ ಅಲ್ಲಿ ಕಾಯುತ್ತದೆ. ಎಚ್‌ಐವಿಗೆ ಸೊಳ್ಳೆಯೊಳಗೆ ಬೆಳೆಯಲು ಆಗುವುದಿಲ್ಲ. ಅದು ಅಲ್ಲಿ ಜೀರ್ಣವಾಗಿಹೋಗುತ್ತದೆ. ಇದನ್ನು ಹೇಳಿದ ಮೇಲೆ ಯಾರಿಗೂ ಪಟ್ಟಿ ಬೇಕಾಗಲಿಲ್ಲ. ಒಂದು ವರ್ಷ ಬಿಟ್ಟು ಕೇಳಿದಾಗಲೂ ಕಾರಣ ಹೇಳಿಯೇ ಉತ್ತರಿಸಿದರು. ಜೊತೆಯಲ್ಲಿ ಕೂತು ಊಟ ಮಾಡಿದರೆ ಏನೂ ಆಗದು ಎಂಬುದನ್ನೂ ತಾವೇ ತರ್ಕಿಸಿಕೊಂಡರು. "ಆದ್ದರಿಂದ" ಎಂಬ ಪದ ಇಲ್ಲದ ಪಾಠ ಹದಿಹರೆಯದವರ ತಲೆಯಲ್ಲಿ ನಿಲ್ಲುವುದಿಲ್ಲ. ಅವರು ಚಿಕ್ಕ ಮಕ್ಕಳಲ್ಲ. ಕಾರಣ ಕೇಳುವ ವಯಸ್ಸಿನವರು.

ಹೆದರಿಸಿ ಕಲಿಸುವ ವಿಧಾನಕ್ಕೆ ನಮ್ಮಲ್ಲಿ ಎಷ್ಟು ಗೌರವವಿದೆಯೋ ಅಷ್ಟು ಫಲವಿಲ್ಲ. ತಂಬಾಕಿನಿಂದ ಕಪ್ಪಾದ ಶ್ವಾಸಕೋಶದ ಚಿತ್ರವನ್ನು ನಾನೂ ಗೋಡೆಗೆ ಅಂಟಿಸಿದ್ದೆ. ಮೊದಲ ದಿನ ಹುಡುಗರು ಹತ್ತಿರ ಹೋಗಿ ನೋಡಿದರು. ಎರಡನೇ ವಾರಕ್ಕೆ ಅದಕ್ಕೆ ಮೀಸೆ ಬರೆದಿದ್ದರು. ಅರವತ್ತನೇ ವಯಸ್ಸಿನಲ್ಲಿ ಬರುವ ಕ್ಯಾನ್ಸರ್ ಹದಿನೈದರ ಹುಡುಗನಿಗೆ ಬೇರೆ ಯಾರಿಗೋ ಬರುವ ಕಾಯಿಲೆ. ಇದು ನನ್ನೊಬ್ಬಳ ಅನುಭವವಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1983ರಲ್ಲಿ ಶುರುವಾದ 'ಡೇರ್' ಎಂಬ ಕಾರ್ಯಕ್ರಮದಲ್ಲಿ ಪೊಲೀಸ್ ಅಧಿಕಾರಿಗಳು ಸಮವಸ್ತ್ರದಲ್ಲಿ ತರಗತಿಗೆ ಬಂದು ಮಾದಕ ವಸ್ತುಗಳ ಬಗ್ಗೆ ಎಚ್ಚರಿಸುತ್ತಿದ್ದರು. ಅದು ದೇಶದಾಚೆಗೂ ಹಬ್ಬಿತು, ಪೋಷಕರಿಗೆ ಇಷ್ಟವಾಯಿತು, ಶಾಲೆಗಳಿಗೆ ಹೆಮ್ಮೆಯಾಯಿತು. ಮಾದಕ ವಸ್ತುಗಳ ಬಳಕೆಯ ಮೇಲೆ ಮಾತ್ರ ಅದರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ ಎಂದು ಮೇಲಿಂದ ಮೇಲೆ ಬಂದ ಮೌಲ್ಯಮಾಪನಗಳು ತೋರಿಸಿದವು. ಕಡೆಗೆ ಅದರ ಪಠ್ಯವನ್ನೇ ಬದಲಿಸಬೇಕಾಯಿತು.

ನನ್ನ ತರಗತಿಯಲ್ಲಿ ಕೆಲಸ ಮಾಡಿದ್ದು ಒಂದು ಸಣ್ಣ ಲೆಕ್ಕ. ನಿಮ್ಮ ವಯಸ್ಸಿನ ಹತ್ತು ಜನರಲ್ಲಿ ಎಷ್ಟು ಮಂದಿ ಸಿಗರೇಟು ಸೇದುತ್ತಾರೆ ಎಂದುಕೊಂಡಿದ್ದೀರಿ, ನೀವು ಸೇದುತ್ತೀರಾ ಎಂದು ಹೆಸರಿಲ್ಲದ ಚೀಟಿಯಲ್ಲಿ ಬರೆಯಿಸಿದೆ. ಊಹೆ ಯಾವಾಗಲೂ ನಿಜಕ್ಕಿಂತ ಬಹಳ ಮೇಲಿರುತ್ತಿತ್ತು. ಎಲ್ಲರೂ ಸೇದುತ್ತಾರೆ, ನಾನೊಬ್ಬನೇ ಹಿಂದೆ ಉಳಿದಿದ್ದೇನೆ ಎಂದುಕೊಂಡವನಿಗೆ ಹಲಗೆಯ ಮೇಲಿನ ಆ ಎರಡು ಅಂಕಿಗಳು ಸಮಾಧಾನ ಕೊಟ್ಟವು. ಬೇಡ ಎನ್ನಲು ಬಾಯಿ ಬರುವಂತೆ ಅಭ್ಯಾಸ ಮಾಡಿಸುವ, ಗೆಳೆಯರ ಒತ್ತಡವನ್ನು ಗುರುತಿಸಲು ಕಲಿಸುವ ಪಾಠಗಳು ಬರಿಯ ಮಾಹಿತಿಯ ಪಾಠಗಳಿಗಿಂತ ಹೆಚ್ಚು ಕಾಲ ಫಲ ಕೊಡುತ್ತವೆ ಎಂಬುದು ಧೂಮಪಾನ ತಡೆಯ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿಯೇ.

ಈಗ ನೀವು ಕೇಳಲು ಇಷ್ಟಪಡದ ಮಾತಿಗೆ ಬರುತ್ತೇನೆ. ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬ ಅಂಜಿಕೆಯಿಂದ ಪಠ್ಯದ ಎಷ್ಟು ಪುಟಗಳು ತೆಳುವಾಗಿವೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿದ ಲೈಂಗಿಕ ಶಿಕ್ಷಣದ ಮಾರ್ಗದರ್ಶಿ ಲಭ್ಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆಯೂ ಹೆಚ್ಚುವುದಿಲ್ಲ, ಅಪಾಯದ ನಡವಳಿಕೆಯೂ ಹೆಚ್ಚುವುದಿಲ್ಲ ಎಂದೇ ಹೇಳುತ್ತದೆ. ಕೀನ್ಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ, ಅರ್ಥಶಾಸ್ತ್ರಜ್ಞೆ ಪಾಸ್ಕಲಿನ್ ಡ್ಯೂಪಾ ಅವರ ಅಧ್ಯಯನವನ್ನು ನಾನು ಸಹೋದ್ಯೋಗಿಗಳಿಗೆ ಎಷ್ಟು ಸಲ ಹೇಳಿದ್ದೇನೋ. ಅಲ್ಲಿ ಸಂಯಮವನ್ನೇ ಒತ್ತಿ ಹೇಳುವ ಅಧಿಕೃತ ಪಠ್ಯಕ್ರಮಕ್ಕಾಗಿ ಕೆಲವು ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಟ್ಟರು. ಹದಿಹರೆಯದ ಗರ್ಭಧಾರಣೆಯಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಬೇರೆ ಕೆಲವು ಶಾಲೆಗಳಲ್ಲಿ ಒಂದೇ ಒಂದು ಅವಧಿಯಲ್ಲಿ, ವಯಸ್ಸಿಗೆ ತಕ್ಕಂತೆ ಎಚ್‌ಐವಿ ಸೋಂಕಿನ ಪ್ರಮಾಣ ಹೇಗೆ ಬದಲಾಗುತ್ತದೆ, ಹಣ ಮತ್ತು ಉಡುಗೊರೆ ತೋರಿಸಿ ಬರುವ ವಯಸ್ಕ ಗಂಡಸರಲ್ಲಿ ಅದು ಎಷ್ಟು ಹೆಚ್ಚು ಎಂಬುದನ್ನು ಅಂಕಿಗಳಲ್ಲಿ ತೋರಿಸಿದರು. ಮುಂದಿನ ವರ್ಷದೊಳಗೆ ಆ ಶಾಲೆಗಳ ಹುಡುಗಿಯರಲ್ಲಿ ಗರ್ಭಧಾರಣೆ ಶೇ 28ರಷ್ಟು ಇಳಿಯಿತು. ಒಂದು ಪಿರಿಯಡ್, ಒಂದಿಷ್ಟು ಅಂಕಿ. ಅಪಾಯ ಎಲ್ಲಿದೆ ಎಂದು ನಿಖರವಾಗಿ ಹೇಳಿದಾಗ ಆ ಹುಡುಗಿಯರು ತಮ್ಮ ಬುದ್ಧಿಯನ್ನು ತಾವೇ ಬಳಸಿದರು. ಉಪದೇಶ ಅವರ ಬುದ್ಧಿಗೆ ಆ ಅವಕಾಶವನ್ನೇ ಕೊಡುವುದಿಲ್ಲ.

ಇನ್ನು ಮೊಬೈಲ್. ನಾನು ಕೆಲಸಕ್ಕೆ ಸೇರಿದಾಗ ಮಕ್ಕಳಿಗೆ ಮಾಹಿತಿಯೇ ಸಿಗುತ್ತಿರಲಿಲ್ಲ. ಬಿಡುವ ಹೊತ್ತಿಗೆ ಅದರಲ್ಲಿ ಮುಳುಗಿದ್ದರು. ಮೊಡವೆಗೆ ಒಬ್ಬ ಟೂತ್‌ಪೇಸ್ಟ್ ಹಚ್ಚು ಎನ್ನುತ್ತಾನೆ, ಸ್ನಾಯು ಬೆಳೆಯಲು ಇನ್ನೊಬ್ಬ ಪುಡಿಯ ಡಬ್ಬಿ ತೋರಿಸುತ್ತಾನೆ, ಲಸಿಕೆ ಬೇಡವೆಂದು ಮೂರನೆಯವನು ಕಣ್ಣೀರು ಹಾಕುತ್ತಾನೆ. ಶಾಲೆ ಇವಕ್ಕೆಲ್ಲ ಒಂದೊಂದಾಗಿ ಉತ್ತರ ಕೊಡುತ್ತಾ ಹೋದರೆ ಮುಗಿಯುವುದಿಲ್ಲ. ಅಂಥ ಮಾತನ್ನು ತೂಗುವ ತಕ್ಕಡಿಯನ್ನು ಕೊಡಬಹುದು. ಅದು ಸಾಧ್ಯವೆಂಬುದಕ್ಕೆ ಉಗಾಂಡದ ಪ್ರಾಥಮಿಕ ಶಾಲೆಗಳು ಸಾಕ್ಷಿ. 120 ಶಾಲೆಗಳ 10,000ಕ್ಕೂ ಹೆಚ್ಚು ಮಕ್ಕಳನ್ನೊಳಗೊಂಡ ಆ ಪ್ರಯೋಗದಲ್ಲಿ ಅರ್ಧದಷ್ಟು ಶಾಲೆಗಳಲ್ಲಿ ಚಿತ್ರಕಥೆಯ ಪುಸ್ತಕವಿಟ್ಟುಕೊಂಡು ಒಂಬತ್ತು ಪಾಠ ಮಾಡಿದರು. ಒಬ್ಬರಿಗೆ ಗುಣವಾಯಿತೆಂದರೆ ಅದು ಆ ಔಷಧದಿಂದಲೇ ಎಂದು ಹೇಳಲಾಗದು, ಬಹಳ ಕಾಲದಿಂದ ಬಳಕೆಯಲ್ಲಿದೆ ಎಂದ ಮಾತ್ರಕ್ಕೆ ಸುರಕ್ಷಿತವಲ್ಲ, ಹೋಲಿಸಬೇಕಾದರೆ ಎರಡೂ ಗುಂಪುಗಳು ಒಂದೇ ತೆರನಾಗಿರಬೇಕು ಎಂಬಂಥ ಪಾಠಗಳು. 2017ರಲ್ಲಿ ಫಲಿತಾಂಶ ಪ್ರಕಟವಾದಾಗ, ಪಾಠ ಕೇಳಿದ ಮಕ್ಕಳಲ್ಲಿ ಶೇ 69 ಮಂದಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರು. ಕೇಳದವರಲ್ಲಿ ಶೇ 27. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅರ್ಥವಾದದ್ದು ಹದಿನೈದರವರಿಗೆ ಭಾರವಾಗುತ್ತದೆ ಎಂದು ಯಾರೂ ಹೇಳಲಾರರು. ಹೀಗಿದ್ದೂ ನಾನು ಕಲಿಸಿದ ಯಾವ ಪಠ್ಯದಲ್ಲೂ ಇದಕ್ಕೆ ಒಂದು ಪುಟವಿರಲಿಲ್ಲ.

ಅಳುವಿನ ಚೀಟಿಯ ಬಗ್ಗೆಯೂ ಹೇಳಬೇಕು. ಹತ್ತರಿಂದ ಹತ್ತೊಂಬತ್ತು ವಯಸ್ಸಿನ ಏಳು ಮಂದಿಯಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂದರೆ ಮೂವತ್ತೈದು ಮಕ್ಕಳ ತರಗತಿಯಲ್ಲಿ ಸುಮಾರು ಐವರು. ಅವರಲ್ಲಿ ಎಷ್ಟೋ ಮಂದಿಗೆ ತಮಗಿರುವುದಕ್ಕೆ ಒಂದು ಹೆಸರಿದೆ ಎಂದೇ ಗೊತ್ತಿರುವುದಿಲ್ಲ. ಮನೆಯಲ್ಲಿ ಅದಕ್ಕೆ ಸಿಗುವ ಹೆಸರು ಸೋಮಾರಿತನ, ಮೊಂಡುತನ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಆಟ ಪಾಠ ಯಾವುದೂ ಬೇಡವೆನಿಸಿದರೆ ಅದು ಸಹಾಯ ಕೇಳಬೇಕಾದ ಸ್ಥಿತಿ ಎಂಬುದನ್ನು ಎರಡು ಸಾಲಿನಲ್ಲಿ ಹೇಳಬಹುದು. ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಆ ಯೋಚನೆಯನ್ನೇ ಬಿತ್ತಿದಂತಾಗುತ್ತದೆ ಎಂದು ಶಿಕ್ಷಕರು ಹೆದರುತ್ತಾರೆ. ಅಧ್ಯಯನಗಳು ಹಾಗೆ ಹೇಳುವುದಿಲ್ಲ. ನೇರವಾಗಿ, ಅಕ್ಕರೆಯಿಂದ ಕೇಳಿದಾಗ ಮಕ್ಕಳಿಗೆ ಹಗುರವಾಗುತ್ತದೆ. ಆ ಚೀಟಿ ಬರೆದ ಮಗುವಿಗೆ ನಾನು ಇಡೀ ತರಗತಿಯ ಮುಂದೆ ಉತ್ತರ ಹೇಳಿದೆ. ಯಾರೆಂದು ಹುಡುಕಲಿಲ್ಲ. ಹತ್ತು ದಿನಗಳ ನಂತರ ತಾನಾಗಿಯೇ ಬಂದು ಮಾತಾಡಿದ.

ಪಾಠದಲ್ಲಿ ಹೇಳಿದ್ದನ್ನು ಶಾಲೆಯೇ ಮುರಿದರೆ ಮಕ್ಕಳು ನಂಬುವುದು ಯಾವುದನ್ನು? ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ನಾನು ಹಲಗೆಯ ಮೇಲೆ ಬರೆಯುತ್ತಿದ್ದೆ, ಬೆಳಗಿನ ಮೊದಲ ಪಿರಿಯಡ್‌ನಲ್ಲಿ, ಅರ್ಧ ನಿದ್ದೆಯಲ್ಲಿದ್ದ ಮಕ್ಕಳ ಮುಂದೆ. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ; ಬೇಗ ಮಲಗು ಎಂದರೆ ದೇಹ ಕೇಳುವುದಿಲ್ಲ. ಸಿಯಾಟಲ್ ನಗರದ ಪ್ರೌಢಶಾಲೆಗಳು 2016ರಲ್ಲಿ ತರಗತಿ ಶುರುವಾಗುವ ಸಮಯವನ್ನು ಸುಮಾರು ಒಂದು ಗಂಟೆ ಮುಂದಕ್ಕೆ ಹಾಕಿದವು. ಮಕ್ಕಳು ಆ ಹೊತ್ತನ್ನು ಮೊಬೈಲ್‌ಗೆ ಸುರಿಯುತ್ತಾರೆ ಎಂದವರು ಸೋತರು: ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಾಯಿತು. ಸಮಯ ಬದಲಿಸುವುದು ಎಲ್ಲ ಕಡೆ ಆಗದ ಮಾತು, ಬಲ್ಲೆ. ಆದರೆ ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟು ವ್ಯಾಯಾಮದ ಪ್ರಯೋಜನದ ಬಗ್ಗೆ ಪ್ರಬಂಧ ಬರೆಸುವುದನ್ನಾದರೂ ನಿಲ್ಲಿಸಬಹುದು. ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವಂತೆ ಮೈ ಆಡಿಸಬೇಕೆಂಬುದು ಈ ವಯಸ್ಸಿನವರಿಗೆ ಇರುವ ಶಿಫಾರಸು. ಜಗತ್ತಿನಾದ್ಯಂತ ಐವರಲ್ಲಿ ನಾಲ್ವರು ಅಷ್ಟು ಮಾಡುವುದಿಲ್ಲ. ಕೈ ತೊಳೆಯುವ ಏಳು ಹಂತಗಳ ಭಿತ್ತಿಚಿತ್ರದ ಕೆಳಗಿನ ನಲ್ಲಿಯಲ್ಲಿ ನೀರಿಲ್ಲದಿದ್ದರೆ, ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲದಿದ್ದರೆ ಆ ಚಿತ್ರ ಏನು ಕಲಿಸುತ್ತದೆ ಎಂದು ಬಿಡಿಸಿ ಹೇಳಬೇಕೇ?

ಒಂದು ಸಲ ಹೇಳಿ ಬಿಡುವ ಚಾಳಿಯೂ ಇದೆ. ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ತರಬೇತಿಯನ್ನು ನೋಡಿ. ನಾರ್ವೆ 1961ರಲ್ಲೇ ಅದನ್ನು ಶಾಲೆಗಳಿಗೆ ತಂದಿತು. ಹನ್ನೆರಡನೇ ವಯಸ್ಸಿನಿಂದ ವರ್ಷಕ್ಕೆ ಎರಡು ಗಂಟೆ ಸಾಕು ಎನ್ನುವ ಘೋಷಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅನುಮೋದಿಸಿತು. ಇಲ್ಲಿ ಮುಖ್ಯವಾದದ್ದು "ವರ್ಷಕ್ಕೆ" ಎಂಬ ಪದ. ಕೈಯಿಂದ ಕಲಿತ ಈ ವಿದ್ಯೆ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ. ಬಾಯಿಪಾಠದ ಗತಿ ಇನ್ನೂ ಕಷ್ಟ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು ಎಂದು ಬರೆದು ಅಂಕ ಪಡೆದ ಹುಡುಗನ ಕೈಗೆ ಒಂದು ಗೊಂಬೆ ಕೊಟ್ಟಾಗ, ಮುರಿದುಹೋದೀತೆಂಬ ಭಯದಲ್ಲಿ ಅದನ್ನು ಸವರುತ್ತಿದ್ದ. ಐದು ಸೆಂಟಿಮೀಟರ್ ಆಳವೆಂದರೆ ಎಷ್ಟು ಎಂದು ಅವನ ಅಂಗೈಗೆ ಆ ದಿನ ಗೊತ್ತಾಯಿತು.

ನಾನು ಅತಿಯಾಗಿ ಏನೂ ಕೇಳುತ್ತಿಲ್ಲ. ಗೊತ್ತಿದ್ದವರೆಲ್ಲ ಗೊತ್ತಿದ್ದಂತೆ ನಡೆಯುವುದಿಲ್ಲ. ಹಾಗಿದ್ದರೆ ಸಿಗರೇಟು ಸೇದುವ ವೈದ್ಯರು ಇರುತ್ತಿರಲಿಲ್ಲ. ಮನೆಯಲ್ಲಿ ಏನು ಬೇಯುತ್ತದೆ, ಕೈಯಲ್ಲಿ ಎಷ್ಟು ಹಣವಿದೆ, ಆಡಲು ಜಾಗವಿದೆಯೇ ಎಂಬುದನ್ನೆಲ್ಲ ಪಾಠ ಬದಲಿಸಲಾರದು. ಮಗು ದಪ್ಪಗಾದರೆ ಪಾಠ ಸರಿಯಾಗಿ ಕೇಳಲಿಲ್ಲ ಎನ್ನುವುದು ಅನ್ಯಾಯ. ಆದರೆ ತಿಳಿಯುವುದು ಅವರ ಹಕ್ಕು, ಅದನ್ನು ಆಚರಣೆಗೆ ತರುವುದು ಅವರ ಆಯ್ಕೆ ಮತ್ತು ಅನುಕೂಲ. ಮೊದಲನೆಯದಕ್ಕೆ ನಾವು ಉತ್ತರದಾಯಿಗಳು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಆರೋಗ್ಯ ಶಿಕ್ಷಣವನ್ನು ಬಿಡುವಿದ್ದವರಿಗೆ ಹಂಚುವ ಪಿರಿಯಡ್ ಮಾಡಬೇಡಿ. ಫಿನ್ಲೆಂಡ್ 2001ರಲ್ಲಿ ಕಾನೂನು ತಿದ್ದಿ ಅದನ್ನು ಪ್ರತ್ಯೇಕ ವಿಷಯ ಮಾಡಿತು. ಆ ವಿಷಯಕ್ಕೇ ತರಬೇತಾದ ಶಿಕ್ಷಕರು ಅಲ್ಲಿದ್ದಾರೆ. ಅಷ್ಟು ತಕ್ಷಣ ಆಗದಿದ್ದರೆ ಈಗಿರುವ ಶಿಕ್ಷಕರಿಗೆ ಕೆಲವು ದಿನಗಳ ತರಬೇತಿ ಕೊಡಿ, ಮುಖ್ಯವಾಗಿ ದೇಹದ ಭಾಗಗಳ ಹೆಸರನ್ನು ತಡವರಿಸದೆ ಹೇಳುವ ತರಬೇತಿ. ನಾನು ಅದನ್ನು ಕನ್ನಡಿಯ ಮುಂದೆ ಒಬ್ಬಳೇ ಅಭ್ಯಾಸ ಮಾಡಿದೆ. ಹಾಸ್ಯವೆನಿಸಬಹುದು, ಬೇರೆ ದಾರಿ ಇರಲಿಲ್ಲ. ಹುಡುಗಿಯರ ಪಾಠಕ್ಕೆ ಹುಡುಗರನ್ನು ಮೈದಾನಕ್ಕೆ ಕಳುಹಿಸಬೇಡಿ. ಬೇಕಾದರೆ ಒಮ್ಮೆ ಬೇರೆ ಕೂರಿಸಿ, ಇಬ್ಬರಿಗೂ ಇಬ್ಬರ ಪಾಠವನ್ನೂ ಹೇಳಿ. ಮುಟ್ಟಿನ ಪಾಠವನ್ನು ಮುಟ್ಟು ಬಂದ ಮೇಲೆ ಅಲ್ಲ, ಅದಕ್ಕೂ ಮೊದಲು ಇಡಿ. ಪ್ರಶ್ನೆಪತ್ರಿಕೆಯಲ್ಲಿ ವ್ಯಾಖ್ಯಾನದ ಬದಲು ಸನ್ನಿವೇಶ ಕೊಡಿ: ಗೆಳತಿಗೆ ಹೀಗಾಗಿದೆ, ಏನು ಮಾಡುತ್ತೀಯ, ಏಕೆ? ಅದೇ ಪ್ರಶ್ನೆಯನ್ನು ಆರು ತಿಂಗಳು ಬಿಟ್ಟು ಮತ್ತೆ ಕೇಳಿ. ಮತ್ತು ಪಠ್ಯಕ್ರಮ ಸಮಿತಿಯ ಸಭೆಗೆ ಮೊದಲು ಶಾಲೆಗಳಲ್ಲಿ ಪೆಟ್ಟಿಗೆ ಇಟ್ಟು, ಬಂದ ಚೀಟಿಗಳನ್ನು ಓದಿ ಆಮೇಲೆ ಅಧ್ಯಾಯ ಬರೆಯಿರಿ. ಹದಿಹರೆಯದವರಿಗೆ ಏನು ಗೊತ್ತಿಲ್ಲ ಎಂದು ನಾವು ಊಹಿಸಿದ್ದಕ್ಕೂ ಅವರು ಕೇಳುವುದಕ್ಕೂ ಬಹಳ ದೂರವಿದೆ.

ನಾನು ನಿವೃತ್ತಳಾದ ದಿನ ಪೆಟ್ಟಿಗೆಯಲ್ಲಿ ಮೂರು ಚೀಟಿಗಳಿದ್ದವು. ಒಂದು ಮೊಡವೆಯ ಬಗ್ಗೆ, ಇನ್ನೊಂದು ಎತ್ತರದ ಬಗ್ಗೆ. ಎರಡಕ್ಕೂ ಉತ್ತರ ಹೇಳಿ ಬಂದೆ. ಮೂರನೆಯದರಲ್ಲಿ, "ಮುಂದಿನ ವರ್ಷ ಇವನ್ನೆಲ್ಲ ಯಾರನ್ನು ಕೇಳಬೇಕು?" ಎಂದಿತ್ತು. ಆ ಚೀಟಿಯನ್ನು ಈ ಪತ್ರದ ಜೊತೆ ನಿಮಗೆ ಕಳುಹಿಸುತ್ತಿದ್ದೇನೆ.

ಇಂತಿ,
ನಿವೃತ್ತ ಜೀವಶಾಸ್ತ್ರ ಶಿಕ್ಷಕಿ